ನೀವು ಆಗಲೇ ಹೇಳಿದ್ರಲ್ಲ ಸಾರ್

ಪ್ರತಿ ವರ್ಷ ಕಾಲೇಜು ಶುರುವಾದ ಕೂಡಲೇ ನಾನು ಹೆನ್ರಿ ಫೇಯೋಲನನ್ನು ಕಂಕುಳಲ್ಲಿ ಇಟ್ಟುಕೊಂಡು ತರಗತಿಗೆ ಹೋಗುತ್ತೇನೆ. ಹಿಂದಿನ ಶತಮಾನದ ಶುರುವಿನಲ್ಲಿ ಈ ಫ್ರೆಂಚ್ ಗಣಿ ಎಂಜಿನಿಯರ್ ನಿರ್ವಹಣೆಗೆ 14 ತತ್ವಗಳನ್ನು ಹೇಳಿಟ್ಟ. ದ್ವಿತೀಯ ಪಿಯುಸಿ ವ್ಯವಹಾರ ಅಧ್ಯಯನದ ಮಕ್ಕಳು ಅವನ್ನು ಇವತ್ತಿಗೂ ಉರು ಹೊಡೆಯುತ್ತಿದ್ದಾರೆ. ಕೆಲಸದ ವಿಭಜನೆಯಿಂದ ಶುರುವಾಗಿ ಎಸ್ಪ್ರಿ ದ ಕೋರ್‌ನಲ್ಲಿ ಮುಗಿಯುತ್ತದೆ. ಆ ಕೊನೆಯದನ್ನು ಉಚ್ಚರಿಸುವಾಗ ಹಿಂದಿನ ಬೆಂಚಿನವರು ಕಿಸಕ್ಕನೆ ನಗುತ್ತಾರೆ. ಒಗ್ಗಟ್ಟು ಅಂತ ಬರೆದುಕೊಳ್ಳಿ ಎಂದು ಮುಂದೆ ಹೋಗುತ್ತೇನೆ. ನಾಯಕತ್ವ, ಪ್ರೇರಣೆ, ಸಂವಹನ ಎಲ್ಲವನ್ನೂ ಹದಿನೆಂಟು ವರ್ಷಗಳಿಂದ ಪಾಠ ಮಾಡಿದ್ದೇನೆ. ನನ್ನ ಕೈಕೆಳಗೆ ಮಾತ್ರ ಸೀಮೆಸುಣ್ಣದ ಡಬ್ಬಿ ಬಿಟ್ಟರೆ ಯಾರೂ ಇರಲಿಲ್ಲ.

ಆ ಕೊರತೆ ನೀಗಿದ್ದು 2023ರ ಮೇ 10ರ ವಿಧಾನಸಭಾ ಚುನಾವಣೆಯಲ್ಲಿ. ನನ್ನನ್ನು ಪಿ.ಆರ್.ಓ. ಮಾಡಿ ಆದೇಶ ಬಂತು. ಪ್ರಿಸೈಡಿಂಗ್ ಆಫೀಸರ್, ಅಂದರೆ ಒಂದು ಮತಗಟ್ಟೆಗೆ ಒಂದೂವರೆ ದಿನದ ಮಹಾರಾಜ. ಹೆಂಡತಿ ಆದೇಶ ಓದಿ, "ನಿಮ್ಮ ಕೈಕೆಳಗೆ ಮೂರು ಜನಾನಾ?" ಎಂದಳು. ಅವಳ ಧ್ವನಿಯಲ್ಲಿದ್ದದ್ದು ಹೆಮ್ಮೆಯಲ್ಲ, ಆ ಮೂವರ ಮೇಲಿನ ಕನಿಕರ.

ತರಬೇತಿ ಎರಡು ಸಲ ಆಯಿತು. ಕಂಟ್ರೋಲ್ ಯೂನಿಟ್, ಬ್ಯಾಲೆಟ್ ಯೂನಿಟ್, ವಿವಿಪ್ಯಾಟ್ ಮೂರನ್ನೂ ಹೇಗೆ ಜೋಡಿಸಬೇಕು, ಯಾವ ಸೀಲನ್ನು ಎಲ್ಲಿ ಹಾಕಬೇಕು, ವಿವಿಪ್ಯಾಟ್ ಮೇಲೆ ನೇರ ಬೆಳಕು ಬೀಳದಂತೆ ಎಲ್ಲಿ ಇಡಬೇಕು ಎಂದು ಎಳೆ ಎಳೆಯಾಗಿ ಹೇಳಿದರು. ಸಿಟ್ಟು ಬಂದ ಪಿ.ಆರ್.ಓ.ನನ್ನು ಎಲ್ಲಿ ಇಡಬೇಕೆಂದು ಹೇಳಲಿಲ್ಲ. ಅಲ್ಲಿ ಹಂಚಿದ ಪುಸ್ತಕದಲ್ಲಿ ಯಂತ್ರ ಕೆಟ್ಟರೆ ಏನು ಮಾಡಬೇಕೆಂದಿತ್ತು, ಮನಸ್ಸು ಕೆಟ್ಟರೆ ಏನು ಮಾಡಬೇಕೆಂದು ಇರಲಿಲ್ಲ. ಅದಕ್ಕೇ ಸಾಫ್ಟ್ ಸ್ಕಿಲ್ ಎಂಬ ಬೇರೆ ಅಂಗಡಿ ಇದೆಯಲ್ಲ. ಕನ್ನಡದಲ್ಲಿ ಅದನ್ನು ಮೃದು ಕೌಶಲ ಅನ್ನುತ್ತಾರೆ. ನನಗೆ ಆ ಪದ ಕೇಳಿದಾಗಲೆಲ್ಲ ಮಲ್ಲಿಗೆ ಇಡ್ಲಿ ನೆನಪಾಗುತ್ತದೆ.

ಮತದಾನದ ಹಿಂದಿನ ದಿನ ಮಸ್ಟರಿಂಗ್ ಕೇಂದ್ರದ ಶಾಮಿಯಾನದಲ್ಲಿ ನನ್ನ ತಂಡದ ದರ್ಶನವಾಯಿತು. ಕಂಪ್ಯೂಟರು ಬೇರೆ ಬೇರೆ ಇಲಾಖೆಯವರನ್ನು ಕಲಸಿ, ಒಬ್ಬರ ಮುಖ ಒಬ್ಬರು ನೋಡಿರದ ನಾಲ್ವರನ್ನು ಒಟ್ಟು ಹಾಕಿತ್ತು. ಹಳೇ ಕಾಲದ ಮದುವೆಯ ಹಾಗೆ, ತಾಳಿ ಕಟ್ಟಿದ ಮೇಲೇ ಪರಿಚಯ. ಎ.ಪಿ.ಆರ್.ಓ. ಆಗಿ ಒಬ್ಬ ಪ್ರೈಮರಿ ಶಾಲೆಯ ಹೆಡ್‌ಮೇಷ್ಟ್ರು, 58 ವರ್ಷ, ಹೆಗಲಲ್ಲಿ ಬಟ್ಟೆ ಚೀಲ. ಎರಡನೇ ಅಧಿಕಾರಿ ಯಾವುದೋ ಕಚೇರಿಯ ಎಸ್.ಡಿ.ಎ. ಮೇಡಂ, ಮೈಸೂರಿನ ಹುಡುಗಿ. ಮೂರನೆಯವನು ತೋಟಗಾರಿಕೆ ಇಲಾಖೆಯ ಸಹಾಯಕ. ನಮಸ್ಕಾರ ಮಾಡಿದರೆ ತಲೆ ಅಲ್ಲಾಡಿಸಿದ, ಹೆಸರು ಕೇಳಿದರೆ ಐಡಿ ಕಾರ್ಡ್ ತೋರಿಸಿದ.

ನಾನು ರಾತ್ರಿಯೆಲ್ಲ ಕೂತು ಒಂದು ಭಾಷಣ ತಯಾರು ಮಾಡಿಕೊಂಡಿದ್ದೆ. "ನಾವೆಲ್ಲ ಇನ್ನು ಒಂದೇ ಕುಟುಂಬ" ಎಂದು ಶುರುವಾಗುತ್ತಿತ್ತು. ಬಸ್ಸು ಹೊರಟ ಕೂಡಲೇ ಎದ್ದು ನಿಂತು ಆರಂಭಿಸಿದೆ. ಕಿಟಕಿ ಗಾಜುಗಳ ಗಡಗಡ ಸದ್ದಿನಲ್ಲಿ ಕುಟುಂಬದ ಕಿವಿಗೆ ಏನೂ ಬೀಳಲಿಲ್ಲ. ಮೊದಲ ಉಬ್ಬಿಗೆ ನಾನು ವಿವಿಪ್ಯಾಟ್ ಪೆಟ್ಟಿಗೆಯ ಪಕ್ಕ ಕೂತೆ, ಎರಡನೇ ಉಬ್ಬಿಗೆ ಮೂರನೇ ಅಧಿಕಾರಿ ನಿದ್ದೆ ಹೋದ. ಮೇಷ್ಟ್ರು ಮಾತ್ರ ಕೊನೆಯವರೆಗೂ ತಲೆಯಾಡಿಸುತ್ತಿದ್ದರು. ಬಸ್ಸು ಹಾಗೆ ಆಡಿಸುತ್ತಿತ್ತು ಎಂದು ಆಮೇಲೆ ಹೊಳೆಯಿತು.

ನಮ್ಮ ಮತಗಟ್ಟೆಯಿದ್ದ ಬಯಲುಸೀಮೆಯ ಹಳ್ಳಿಯ ಶಾಲೆ ಮುಟ್ಟಿದಾಗ ಸಂಜೆ ನಾಲ್ಕೂವರೆ. ನಾನು ಫೇಯೋಲನ ಮೊದಲ ತತ್ವದಂತೆ ಕೆಲಸದ ವಿಭಜನೆಯ ಪಟ್ಟಿ ತೆಗೆದೆ. ಮೇಷ್ಟ್ರು ಅಷ್ಟರಲ್ಲಿ ಶೌಚಾಲಯದ ಬಾಗಿಲು ತೆಗೆದು ನೋಡಿ ಬಂದು, ಬಿಸಿಯೂಟದ ಅಡುಗೆಯಮ್ಮನನ್ನು ಕೇಳಿದರು, "ತಾಯಿ, ಒಂದು ಬಕೆಟ್ ಸಿಗುತ್ತಾ?" ಬಕೆಟ್ ಬಂತು, ಜೊತೆಗೆ ಚೊಂಬು ಬಂತು. ಮೇಡಂಗೆ ಅಂಗನವಾಡಿ ಕಾರ್ಯಕರ್ತೆಯ ಮನೆಯಲ್ಲಿ ಮಲಗಲು ಜಾಗ ಸಿಕ್ಕಿತು. ಬೆಳಗಿನ ಉಪ್ಪಿಟ್ಟು ಎಷ್ಟು ಗಂಟೆಗೆ ಎಂಬುದೂ ತೀರ್ಮಾನವಾಯಿತು. ನನ್ನ ಪಟ್ಟಿಯಲ್ಲಿ ಇವು ಯಾವುವೂ ಇರಲಿಲ್ಲ. ಮ್ಯಾಸ್ಲೋನ ಅಗತ್ಯಗಳ ಪಿರಮಿಡ್ಡನ್ನು ಬೋರ್ಡಿನ ಮೇಲೆ ನೂರು ಸಲ ಬರೆದವನು ನಾನು. ಅದರ ತಳದ ಮೆಟ್ಟಿಲಲ್ಲಿ ಒಂದು ಬಕೆಟ್ ಇದೆ ಎಂದು ಮಾತ್ರ ಗೊತ್ತಿರಲಿಲ್ಲ.

"ಬಕೆಟ್ ವ್ಯವಸ್ಥೆ ಆಯ್ತು ಸಾರ್, ನೀವು ಆಗಲೇ ಹೇಳಿದ್ರಲ್ಲ" ಎಂದರು ಮೇಷ್ಟ್ರು.

ನಾನು ಹೇಳಿರಲಿಲ್ಲ. ಆದರೆ ಅಷ್ಟು ವಿಶ್ವಾಸದಿಂದ ಹೇಳಿದರೆ ಯಾರಿಗಾದರೂ ಅನುಮಾನ ಬರುತ್ತದೆ, ಹೇಳಿದ್ದರೂ ಹೇಳಿರಬಹುದು ಎಂದು. "ಹೂಂ" ಎಂದೆ.

ರಾತ್ರಿ ಮೇಷ್ಟ್ರ ಬಟ್ಟೆ ಚೀಲದಿಂದ ಮಂಡಕ್ಕಿ ಬಂತು, ಊರಿನ ಯಾವುದೋ ಗಾಡಿಯಿಂದ ಮೆಣಸಿನಕಾಯಿ ಬಂತು. ಪೇಪರಿನ ಮೇಲೆ ಸುರಿದು ಎಲ್ಲರೂ ಸುತ್ತ ಕೂತರು, ಕಾವಲಿನ ಕಾನ್‌ಸ್ಟೇಬಲ್ಲೂ ಸೇರಿ. ನಾನು ಮಾತ್ರ ಪಕ್ಕದ ಕೋಣೆಯಲ್ಲಿ ಲಕೋಟೆಗಳ ಮೇಲೆ ಮತಗಟ್ಟೆ ಸಂಖ್ಯೆ ಬರೆಯುತ್ತ, ಅಧಿಕಾರಿ ಅಂದಮೇಲೆ ಸ್ವಲ್ಪ ದೂರ ಇರಬೇಕು ಅಂದುಕೊಂಡು ಜೊಲ್ಲು ನುಂಗುತ್ತಿದ್ದೆ. ಆ ಕಡೆ ಮೂರನೆಯವನ ಧ್ವನಿ ಮೊದಲ ಸಲ ಕೇಳಿಸಿತು. ಏನು ಹೇಳಿದ ಎಂದು ಕೇಳಿಸಲಿಲ್ಲ.

ಬೆಳಿಗ್ಗೆ ಐದೂವರೆಗೆ ಅಣಕು ಮತದಾನ. ಪಕ್ಷಗಳ ಏಜೆಂಟರ ಮುಂದೆ ಕನಿಷ್ಠ 50 ಮತ ಹಾಕಿ ತೋರಿಸಬೇಕು. ಹಾಕಿದೆವು, ಲೆಕ್ಕ ಸರಿ ಬಂತು. ಆ ಸಂತೋಷದಲ್ಲಿ ನಾನು ಸೀಲಿಗೆ ಕೈ ಹಾಕಿದೆ. ಯಂತ್ರದ ಹೊಟ್ಟೆಯಲ್ಲಿ ಆ 50 ಮತ ಹಾಗೇ ಕೂತಿದ್ದವು. ಅಣಕಿನ ಮತ ಅಳಿಸದೆ ನಿಜದ ಮತದಾನ ಶುರು ಮಾಡಿದ ಪಿ.ಆರ್.ಓ.ಗೆ ಮುಂದೆ ಸಿಗುವುದು ಬರೀ ನೋಟಿಸು.

"ಕ್ಲೋಸ್, ರಿಸಲ್ಟ್, ಕ್ಲಿಯರ್ ಸಾರ್. ನೀವು ಆಗಲೇ ಹೇಳಿದ್ರಲ್ಲ" ಎಂದು ಹಿಂದಿನಿಂದ ಮೆಲ್ಲಗೆ ಬಂತು.

"ಹೌದು, ನಾನು ಹೇಳಿದ್ದೆ" ಎಂದು ಏಜೆಂಟರಿಗೆ ಕೇಳುವಂತೆ ಹೇಳಿ ಕ್ಲಿಯರ್ ಒತ್ತಿದೆ. ಅಣಕು ಚೀಟಿಗಳು ಕಪ್ಪು ಲಕೋಟೆ ಸೇರಿದವು.

ಏಳಕ್ಕೆ ಮತದಾನ ಶುರುವಾಯಿತು. ಮೇಷ್ಟ್ರು ಪಟ್ಟಿಯಲ್ಲಿ ಹೆಸರು ಕೂಗುವುದು, ಮೇಡಂ ಎಡಗೈ ತೋರುಬೆರಳಿಗೆ ಮಸಿ ಹಚ್ಚಿ 17ಎ ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಳ್ಳುವುದು, ಮೂರನೆಯವನು ಬ್ಯಾಲೆಟ್ ಗುಂಡಿ ಒತ್ತುವುದು. "ಇದು ನಮ್ಮೂರಿನ ಮಸಿ ಸಾರ್" ಎಂದಳು ಆ ಹುಡುಗಿ. ನಿಜ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ ಮೈಸೂರಿನ ಬಣ್ಣದ ಕಾರ್ಖಾನೆ, 1962ರ ಚುನಾವಣೆಯಿಂದ ದೇಶದ ಬೆರಳಿಗೆಲ್ಲ ಇದನ್ನು ಹಚ್ಚುತ್ತ ಬಂದಿದೆ. ತವರಿನ ಅಭಿಮಾನದಿಂದ ಅವಳು ಅರಿಶಿನ ಕುಂಕುಮ ಕೊಟ್ಟ ಹಾಗೆ ಹಚ್ಚುತ್ತಿದ್ದಳು. ಒಬ್ಬ ಅಜ್ಜಿ ಯಂತ್ರಕ್ಕೆ ಕೈಮುಗಿದು ಹಾಗೇ ಹೊರಟಿದ್ದಳು. ಬಾಗಿಲಲ್ಲೇ ತಡೆದು, ನಮಸ್ಕಾರ ಸಾಲದು, ಗುಂಡಿ ಒತ್ತಬೇಕು ಎಂದು ವಾಪಸ್ ಕಳಿಸಿದೆವು.

ಒಂದು ವಿಚಿತ್ರ ಕಂಡೆ. ಎರಡು ಗಂಟೆಗೊಮ್ಮೆ ಮೂರನೆಯವನು ಎದ್ದು ಹೋಗಿ ಐದು ನಿಮಿಷಕ್ಕೆ ಬರುತ್ತಿದ್ದ. ಆಗ ಅವನ ಜಾಗದಲ್ಲಿ ಮೇಷ್ಟ್ರು, ಮೇಷ್ಟ್ರ ಜಾಗದಲ್ಲಿ ನಾನು. ಯಾರಪ್ಪಣೆ ಇದು ಎಂದು ಕೇಳಿದರೆ ಮೇಷ್ಟ್ರು, "ನೀವೇ ಹೇಳಿದ್ರಲ್ಲ ಸಾರ್, ಬೆಳಿಗ್ಗೆಯಿಂದ ಕೂತರೆ ಕಷ್ಟ ಅಂತ" ಎಂದರು. ಇಷ್ಟೊಂದು ಒಳ್ಳೆಯವನಾಗಿ ಯಾವಾಗ ಮಾತಾಡಿದೆನೋ ಎಂದು ನನಗೇ ಆಶ್ಚರ್ಯ.

ಆ ಉಮೇದಿನಲ್ಲೇ ಹನ್ನೆರಡೂಕಾಲಕ್ಕೆ ಮೇಡಂಗೆ, "ಊಟ ಮಾಡಿ ಬನ್ನಿ, ನಾನು ಕೂರುತ್ತೇನೆ" ಎಂದೆ. ನಾಯಕ ಎಂದರೆ ಸೇವಕ ಎಂದು ಯಾವುದೋ ಗೈಡಿನಲ್ಲಿ ಓದಿದ್ದೆ. ಇಪ್ಪತ್ತು ನಿಮಿಷ ಸೇವೆ ಮಾಡಿದೆ.

ಒಂದು ಗಂಟೆಯ ಲೆಕ್ಕ ಕಳಿಸುವಾಗ ನೋಡಿದರೆ ರಿಜಿಸ್ಟರಿನಲ್ಲಿ 391, ಯಂತ್ರದಲ್ಲಿ 390. ನನ್ನ ಬೆನ್ನ ಮೇಲೆ ತಣ್ಣೀರು ಸುರಿದಂತಾಯಿತು, ಮೇ ತಿಂಗಳಲ್ಲೂ. ಸಹಿ ಮಾಡಿದವರಲ್ಲಿ ಒಬ್ಬರು ಮತ ಹಾಕದೆ ಹೋಗಿರಬೇಕು, ಅಂದರೆ ಗುಂಡಿಯವನ ತಪ್ಪು. "ರೀ, ಧ್ಯಾನ ಎಲ್ಲಿದೆ ನಿಮಗೆ? ಎರಡು ಗಂಟೆಗೊಮ್ಮೆ ಎದ್ದು ಓಡಾಡೋಕೆ ಆಗುತ್ತೆ, ಒಂದು ದೀಪ ನೋಡೋಕೆ ಆಗಲ್ವಾ?" ಎಂದೆ. ಏಜೆಂಟರು, ಸಾಲಿನಲ್ಲಿದ್ದ ಹೆಂಗಸರು, ಬಾಗಿಲ ಕಾನ್‌ಸ್ಟೇಬಲ್ಲು ಎಲ್ಲರೂ ಕೇಳಿದರು. ಹದಿನೆಂಟು ವರ್ಷ ಅರವತ್ತು ಮಕ್ಕಳಿಗೆ ಕೇಳುವಂತೆ ಮಾತಾಡಿದ ಗಂಟಲು ನನ್ನದು. ಅವನು ತಲೆ ತಗ್ಗಿಸಿ ದೀಪವನ್ನೇ ನೋಡುತ್ತ ಕೂತ.

ಮೇಷ್ಟ್ರು ಮಾತಾಡಲಿಲ್ಲ. ರಿಜಿಸ್ಟರನ್ನು ಎಳೆದುಕೊಂಡು, ಮಗ್ಗಿ ತಿದ್ದುವವರ ಹಾಗೆ ಬೆರಳಿಟ್ಟು ಒಂದೊಂದೇ ಸಾಲು ಇಳಿದರು. 352ರ ಕೆಳಗೆ 354 ಇತ್ತು. 353 ಹುಟ್ಟಿಯೇ ಇರಲಿಲ್ಲ. ಮೇಡಂ ಅಕ್ಷರ ಮುತ್ತು ಪೋಣಿಸಿದ ಹಾಗೆ. ಆ ಸಾಲಿನ ಅಂಕಿಗಳು ಮಾತ್ರ ಕೋಳಿ ಕೆದರಿದಂತಿದ್ದವು. ನನ್ನ ಕೈಬರಹದ ಬಗ್ಗೆ ನನ್ನ ವಿದ್ಯಾರ್ಥಿಗಳು ಬಹಳ ಹಿಂದೆಯೇ ಒಮ್ಮತಕ್ಕೆ ಬಂದಿದ್ದಾರೆ. ಮೇಷ್ಟ್ರು ನನ್ನ ಮುಖ ಅರೆಗಳಿಗೆ ನೋಡಿದರು. ಆಮೇಲೆ ಏಜೆಂಟರ ಕಡೆ ತಿರುಗಿ, "ಏನಿಲ್ಲ, ಬರೆಯುವಾಗ ಒಂದು ನಂಬರು ಹಾರಿದೆ. ಸಾಹೇಬರು ಕಂಡುಹಿಡಿದರು. ಷರಾ ಬರೆಯುತ್ತಾರೆ, ನೀವೂ ನೋಡಿಕೊಳ್ಳಿ" ಎಂದರು.

ಸಾಹೇಬರು ಷರಾ ಬರೆದರು.

ಸಾಲು ತೆಳುವಾದಾಗ ಮೇಷ್ಟ್ರು ಪಕ್ಕಕ್ಕೆ ಬಂದು ಹೇಳಿದರು. ಆ ಹುಡುಗನ ಹೆಂಡತಿಗೆ ಒಂಬತ್ತು ತಿಂಗಳು ತುಂಬಿತ್ತು. ನೆಟ್‌ವರ್ಕ್ ಸಿಗುವುದು ಊರ ನೀರಿನ ಟ್ಯಾಂಕಿನ ಹತ್ತಿರ ಮಾತ್ರ. ಅದನ್ನೇ ರಾತ್ರಿ ಮಂಡಕ್ಕಿ ತಿನ್ನುತ್ತ ಹೇಳಿದ್ದಂತೆ.

ಈಗ ಕ್ಷಮೆ ಕೇಳಬೇಕಿತ್ತು. ಕೇಳುವುದು ಯಾವ ಭಾಷೆಯಲ್ಲಿ? "ಕ್ಷಮಿಸಿ" ಎನ್ನುವುದು, ಕರೆ ಮಾಡಿದ ಚಂದಾದಾರರು ಸಿಗದಿದ್ದಾಗ ಫೋನಿನೊಳಗಿನ ಹೆಂಗಸು ಹೇಳುವ ಮಾತು. "ಸಾರಿ" ಎಂಬುದು ಬಸ್ಸಿನಲ್ಲಿ ಕಾಲು ತುಳಿದಾಗ ಸಾಕಾಗುತ್ತದೆ, ಅದೂ ಚಪ್ಪಲಿ ಹಾಕಿದ ಕಾಲಾದರೆ. "ತಪ್ಪಾಯ್ತು" ಎಂದರೆ ಪಂಚಾಯ್ತಿ ಕಟ್ಟೆಯ ಮುಂದೆ ಟವೆಲ್ಲು ಹಾಸಿ ನಿಂತ ಹಾಗಿರುತ್ತದೆ. ನಮ್ಮಪ್ಪ ಜೀವಮಾನದಲ್ಲಿ ಈ ಮೂರನ್ನೂ ಬಳಸಲಿಲ್ಲ. ವಿನಾಕಾರಣ ಬೈದರೆ, ಕಾಲು ಗಂಟೆಯ ಮೇಲೆ ಬಾಗಿಲಲ್ಲಿ ನಿಂತು "ಊಟ ಆಯ್ತೇನೋ?" ಎನ್ನುತ್ತಿದ್ದರು. ಅಲ್ಲಿಗೆ ರಾಜಿ. ನಾನೂ ಹೋಗಿ "ಊಟ ಆಯ್ತೇನ್ರೀ?" ಎಂದೆ.

"ಆಗಲೇ ಆಯ್ತು ಸಾರ್."

ಅಪ್ಪನ ದಾರಿ ಅಲ್ಲಿಗೆ ಮುಚ್ಚಿತು. ಮತದಾರರೂ ಇರಲಿಲ್ಲ, ತಪ್ಪಿಸಿಕೊಳ್ಳುವುದಕ್ಕೆ. "ನಂಬರ್ ಹಾರಿಸಿದ್ದು ನಾನು. ತಪ್ಪಾಯ್ತು ಕಣ್ರೀ" ಎಂದೆ. ಬೈದ ಧ್ವನಿಯಲ್ಲೇ ಹೇಳಬೇಕು, ಬಾಗಿಲಿಗೂ ಕೇಳಬೇಕು ಎಂದು ಅಂದುಕೊಂಡಿದ್ದೆ. ಹೊರಬಂದದ್ದು ಅರ್ಧ. ಆದರೂ ಕಾನ್‌ಸ್ಟೇಬಲ್ಲು ತಿರುಗಿ ನೋಡಿದ.

"ಇರಲಿ ಬಿಡಿ ಸಾರ್" ಎಂದ ಅವನು. ಆಮೇಲೆ ತಾನಾಗಿಯೇ, "ಡಾಕ್ಟ್ರು ಇನ್ನೂ ನಾಲ್ಕು ದಿನ ಇದೆ ಅಂದಿದಾರೆ" ಎಂದ. ಆ ದಿನ ಅವನು ನನ್ನೊಡನೆ ಆಡಿದ ಅತಿ ಉದ್ದದ ವಾಕ್ಯ ಅದು. ಮೂರು ಗಂಟೆಗೆ ಅವನು ಏಳುವುದು ತಡವಾದಾಗ ನಾನೇ, "ಟ್ಯಾಂಕ್ ಹತ್ತಿರ ಹೋಗಿ ಬನ್ನಿ" ಎಂದೆ. ಇದನ್ನು ಮಾತ್ರ ನಾನು ನಿಜವಾಗಿ ಹೇಳಿದ್ದು. ದಾಖಲೆಗಿರಲಿ.

ಆರಕ್ಕೆ ಸಾಲಿನಲ್ಲಿ ಉಳಿದವರಿಗೆ ಕೊನೆಯವರಿಂದ ಹಿಂದಕ್ಕೆ ಚೀಟಿ ಕೊಟ್ಟು, ಮುಗಿಸಿ, ಕ್ಲೋಸ್ ಒತ್ತಿ, ಮತಗಳ ಲೆಕ್ಕದ 17ಸಿ ನಮೂನೆ ತುಂಬಿ, ಡಿ-ಮಸ್ಟರಿಂಗ್ ಕೇಂದ್ರದ ಸರತಿಯಲ್ಲಿ ನಿಂತಾಗ ರಾತ್ರಿ ಹನ್ನೊಂದು. ಪೆಟ್ಟಿಗೆಗಳನ್ನು ಒಪ್ಪಿಸಿದ ಮೇಲೆ ನಾಲ್ವರೂ ಕೈಗಾಡಿಯಲ್ಲಿ ಚಹ ಕುಡಿದೆವು. ಕಾಸು ಕೊಡಲು ಹೋದರೆ ಮೂರನೆಯವನು ಆಗಲೇ ಕೊಟ್ಟಿದ್ದ.

ಮುಂದಿನ ವರ್ಷ ಲೋಕಸಭಾ ಚುನಾವಣೆ. ಏಪ್ರಿಲ್‌ನಲ್ಲಿ ಒಂದು ಸಂಜೆ ಮೇಷ್ಟ್ರ ಫೋನು ಬಂತು.

"ಸಾರ್, ಈ ಸಲ ನನ್ನನ್ನೇ ಪಿ.ಆರ್.ಓ. ಮಾಡಿಬಿಟ್ಟಿದಾರೆ. ನೀವು ಅನುಭವಸ್ಥರು. ಟೀಮ್ ಹೇಗೆ ನಿಭಾಯಿಸೋದು ಅಂತ ಸ್ವಲ್ಪ ಹೇಳಿಕೊಡಿ." ಮಧ್ಯದಲ್ಲಿ, ತೋಟಗಾರಿಕೆಯವನ ಮಗಳಿಗೆ ಮೊನ್ನೆ ಕಿವಿ ಚುಚ್ಚಿಸಿದರೆಂದೂ, ತಾವು ಹೋಗಿ ಊಟ ಮಾಡಿ ಬಂದಿದ್ದಾಗಿಯೂ ಹೇಳಿದರು.

ಫೇಯೋಲನ 14 ತತ್ವಗಳೂ ನಾಲಿಗೆಯ ತುದಿಗೆ ಬಂದವು. ಒಂದೊಂದಾಗಿ ವಾಪಸ್ ಕಳಿಸಿದೆ.

"ಒಂದು ಬಕೆಟ್ ತಗೊಂಡು ಹೋಗಿ ಮೇಷ್ಟ್ರೇ" ಎಂದೆ.

ಆ ಕಡೆ ಒಂದು ಕ್ಷಣ ಮೌನ.

"ಅಯ್ಯೋ ಹೌದಲ್ಲ ಸಾರ್! ನನಗೆ ಹೊಳೆದೇ ಇರಲಿಲ್ಲ ನೋಡಿ."