ನಿಂಬೆಹಣ್ಣಿನವರ ಸನ್ನಿಧಾನಕ್ಕೆ

ಮಾನ್ಯ ನಿಂಬೆಹಣ್ಣಿನವರಿಗೆ ಹಾಸನ ಜಿಲ್ಲೆಯ ಬಡ ಮತದಾರನೊಬ್ಬನ ಸಾಷ್ಟಾಂಗ ನಮಸ್ಕಾರ. ಇತ್ತ ಎಲ್ಲ ಕ್ಷೇಮ ಎಂದು ಬರೆಯುವುದು ವಾಡಿಕೆ. ಕ್ಷೇಮವಿದ್ದಿದ್ದರೆ ತಮಗೇಕೆ ಬರೆಯುತ್ತಿದ್ದೆ?

ನಮ್ಮೂರಿನವರು ಕಷ್ಟಸುಖ ಬರೆಯುವುದು ಹಾಸನಾಂಬೆಗೆ. ಹುಂಡಿ ಎಣಿಸುವಾಗ ನೋಟಿನ ಜೊತೆ ಚೀಟಿಗಳೂ ಬೀಳುತ್ತವೆ: ಪರೀಕ್ಷೆ ಪಾಸು ಮಾಡಿಸು, ಮದುವೆ ಮಾಡಿಸು, ಸಾಲ ತೀರಿಸು. ಆದರೆ ಆ ತಾಯಿಯ ಬಾಗಿಲು ತೆರೆಯುವುದು ವರ್ಷಕ್ಕೊಮ್ಮೆ, ಆಶ್ವಯುಜದಲ್ಲಿ. ತಾವೋ ಮುನ್ನೂರರವತ್ತೈದು ದಿನವೂ ಗೂಡಂಗಡಿಯಲ್ಲೇ ದರ್ಶನ ಕೊಡುತ್ತೀರಿ. ಕ್ಯೂ ಇಲ್ಲ, ಪಾಸು ಬೇಕಿಲ್ಲ.

ತಮ್ಮ ರಾಜಕೀಯ ಜೀವನಕ್ಕೆ ಹೊಳೆನರಸೀಪುರವೇ ತವರು. 2019ರ ಜುಲೈನಲ್ಲಿ ಮೈತ್ರಿ ಸರ್ಕಾರ ವಿಶ್ವಾಸಮತ ಯಾಚಿಸುತ್ತಿದ್ದಾಗ, ಆ ಊರಿನ ಸಚಿವ ಎಚ್.ಡಿ. ರೇವಣ್ಣನವರ ಕೈಲಿದ್ದ ತಮ್ಮ ವಿಷಯ ಸದನದಲ್ಲೇ ಚರ್ಚೆಗೆ ಬಂತು. ವಿರೋಧಿಗಳು ಮಾಟ ಎಂದು ಹಂಗಿಸಿದರು. ಮಾಟದಿಂದ ಸರ್ಕಾರ ಉಳಿಯುತ್ತದೆಯೇ ಎಂದು ಮುಖ್ಯಮಂತ್ರಿ ಕುಮಾರಸ್ವಾಮಿಯವರು ಅಣ್ಣನ ಪರವಾಗಿ ಕೇಳಿದರು. 23ನೇ ತಾರೀಖು ಉತ್ತರ ಸಿಕ್ಕಿತು: ಪರ 99, ವಿರುದ್ಧ 105. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ರಾಜಕೀಯ ಸನ್ಯಾಸ. ತಾವು ಮಾತ್ರ ಮೂರು ತಿಂಗಳು ತುಂಬುವುದರೊಳಗೆ ಫ್ರಾನ್ಸಿನಲ್ಲಿ, ರಕ್ಷಣಾ ಸಚಿವರ ಸಮ್ಮುಖದಲ್ಲಿ, ರಫೇಲ್ ವಿಮಾನದ ಚಕ್ರದಡಿ ಕಾಣಿಸಿಕೊಂಡಿರಿ. ಸೋತ ಮೇಲೆ ಇಂಥ ಬಡ್ತಿ ಪಡೆದವರು ಪಕ್ಷಾಂತರಿಗಳಲ್ಲೂ ಕಡಿಮೆ.

ಇರಲಿ, ದೊಡ್ಡವರ ವಿಷಯ ನಮಗೇಕೆ. ಆಲೂಗೆಡ್ಡೆಗೆ ಬರೋಣ. ಅರಕಲಗೂಡಿನ ಹೊಲದ ಬೇಲಿಗೂ ದೃಷ್ಟಿಯಾಗದಿರಲೆಂದು ತಮ್ಮನ್ನು ಕಟ್ಟಿದ್ದುಂಟು. ಆದರೆ ಅಂಗಮಾರಿ ರೋಗಕ್ಕೆ ಕಣ್ಣೇ ಇಲ್ಲ. ಅದು ಶಿಲೀಂಧ್ರದಂಥ ಜೀವಿಯೊಂದರ ಕೆಲಸ. ಮೋಡ ಕವಿದು, ಜಡಿಮಳೆ ಹಿಡಿದು, ತಂಪಾದರೆ ನಾಲ್ಕು ದಿನದಲ್ಲಿ ಹಸಿರು ಹೊಲ ಸುಟ್ಟ ಹಾಗೆ ಕಪ್ಪಾಗುತ್ತದೆ. 1845ರಲ್ಲಿ ಐರ್ಲೆಂಡನ್ನು ಉಪವಾಸ ಕೆಡವಿದ್ದೂ ಇದೇ ರೋಗ. ನಮ್ಮ ಬಿತ್ತನೆ ಗೆಡ್ಡೆ ಬರುವುದು ದೂರದ ಜಲಂಧರ್‌ನಿಂದ. ಎಪಿಎಂಸಿಯಲ್ಲಿ ಚೀಲ ಇಳಿಸಿ ಬಿತ್ತನೆಯದು ಎಂದರೆ ಬಿತ್ತನೆಯದು. ಒಳಗೆ ರೋಗ ಇದೆಯೋ ಇಲ್ಲವೋ ರೈತನ ಹಣೆಬರಹ. ಆರೋಗ್ಯವಂತ ಬೀಜ, ಸಮಯಕ್ಕೆ ಔಷಧಿ, ಬೆಳೆ ಬದಲಾವಣೆ, ಕೈಗೆ ಸಿಗುವ ಸಾಲ, ಬೆಲೆ ಬಿದ್ದರೆ ಕೇಳುವವರು: ಇಷ್ಟೂ ಒಟ್ಟಿಗೆ ಕೂಡಿಬರಬೇಕು. ತಮ್ಮನ್ನು ಕಟ್ಟಲು ಒಂದು ದಾರ ಸಾಕು. ಪೈಪೋಟಿ ಎಲ್ಲಿಂದ ಬರಬೇಕು?

ಚನ್ನರಾಯಪಟ್ಟಣದಲ್ಲಿರುವ ತಮ್ಮ ಸಹೋದ್ಯೋಗಿ ತೆಂಗಿನಕಾಯಿಯವರ ಪಾಡು ಇನ್ನೂ ಕಷ್ಟ. ಊರವರ ವಿಘ್ನವನ್ನೆಲ್ಲ ತಾವೇ ಒಡೆದುಕೊಂಡು ಪರಿಹರಿಸುವ ಅವರು, ಹೆತ್ತ ಮರಕ್ಕೆ ಕಪ್ಪುತಲೆ ಹುಳು ಬಿದ್ದರೂ ಕಾಂಡ ಸೋರಿದರೂ ಸುಮ್ಮನಿರುತ್ತಾರೆ.

ಈಗ ನಿಜವಾದ ವಿಷಯ. 2025ರ ಮೇ-ಜೂನ್‌ನಲ್ಲಿ, ಸುಮಾರು ನಲವತ್ತು ದಿನದಲ್ಲಿ, ಜಿಲ್ಲೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಹೃದಯಾಘಾತದಿಂದ ಹೋದರೆಂದು ಟಿವಿಯವರು ದಿನಾ ಎಣಿಸಿ ಹೇಳಿದರು. ಸತ್ತವರಲ್ಲಿ ಎಳೆಯರೂ ಇದ್ದರು. ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ಬೆಳಗಾಗುವ ಮೊದಲೇ ಸರದಿ. ವಾಟ್ಸಾಪಿನಲ್ಲಿ ತಮ್ಮದೇ ರಸ: ಬೆಳ್ಳುಳ್ಳಿ, ಶುಂಠಿ, ವಿನೆಗರ್, ಜೇನು ಸೇರಿಸಿ ಕುಡಿದರೆ ಎಂಥ ಬ್ಲಾಕೂ ಮಾಯ, ಹತ್ತು ಜನಕ್ಕೆ ಕಳಿಸಿ. ಎಲ್ಲರಿಗೂ ಒಂದೇ ಒಂದು ಕಾರಣ ಬೇಕಿತ್ತು. ಕೆಲವರಿಗೆ ಗ್ರಹಚಾರ, ಕೆಲವರಿಗೆ ಕೋವಿಡ್ ಲಸಿಕೆ. ಲಸಿಕೆಯ ಮೇಲಿನ ಅನುಮಾನವನ್ನು ಆಗಿನ ಮುಖ್ಯಮಂತ್ರಿಗಳೇ ಆಡಿಬಿಟ್ಟರು. ಜಯದೇವದ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ಸಮಿತಿ ಜುಲೈನಲ್ಲಿ ವರದಿ ಕೊಟ್ಟು ಎಲ್ಲರನ್ನೂ ನಿರಾಸೆಗೊಳಿಸಿತು. ಸಾವು ಅಸಹಜವಾಗಿ ಏರಿಲ್ಲ, ಒಂದೇ ಕಾರಣವೂ ಇಲ್ಲ. ಇರುವುದು ಬಿಪಿ, ಸಕ್ಕರೆ, ಬೀಡಿ-ಸಿಗರೇಟು, ಕುಡಿತ, ಬೊಜ್ಜು, ವಂಶದ ಗುಣ. ಸತ್ತವರಲ್ಲಿ ಆಟೊ, ಕ್ಯಾಬ್ ಓಡಿಸುವವರೂ ಹಲವರಿದ್ದರು.

ಇಲ್ಲಿ ನನ್ನದೊಂದು ತಕರಾರು. ಸಮಿತಿ ತಮ್ಮನ್ನು ಸಾಕ್ಷಿಯಾಗಿ ಕರೆಯಬೇಕಿತ್ತು. ಎರಡು ಮೆಣಸಿನಕಾಯಿಯ ನಡುವೆ ಬಂಪರಿಗೆ ನೇತಾಡುತ್ತಾ ಅಂಥ ಡ್ರೈವರನ ದಿನಚರಿ ಪೂರ್ತಿ ನೋಡಿದವರು ತಾವೊಬ್ಬರೇ. ಕತ್ತಲಿರುವಾಗಲೇ ಎದ್ದು ಸ್ಟ್ಯಾಂಡಿಗೆ ಬಂದದ್ದು, ಖಾಲಿ ಹೊಟ್ಟೆಗೆ ಟೀ, ಹಿಂದೆಯೇ ಬೀಡಿ, ಫೈನಾನ್ಸಿನವನ ಫೋನು, ಮಧ್ಯಾಹ್ನದ ಊಟ ಸಂಜೆಗೆ, ಎಡಭುಜ ಹಿಡಿದಾಗ ಗ್ಯಾಸ್ಟ್ರಿಕ್ ಎಂದು ಸೋಡಾ ಕುಡಿದದ್ದು. ಆ ಸೋಡಾದಲ್ಲೂ ತಾವೇ ಇದ್ದಿರಿ! ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ಮಾಡುತ್ತಾರೆ, ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ರಕ್ತದ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ನೂ ಪುಕ್ಕಟೆ. ಮೊದಲ ಗಂಟೆಯೊಳಗೆ ಹೋದರೆ ಜೀವ ಉಳಿಯುವ ಸಂಭವ ಹೆಚ್ಚು. ಆದರೆ ಒಂದು ದಿನ ಗಾಡಿ ನಿಂತರೆ ಕಂತು ಯಾರು ಕಟ್ಟುತ್ತಾರೆ? ಈ ಪ್ರಶ್ನೆ ಯಾವ ಪ್ರವಚನದಲ್ಲೂ ಬರುವುದಿಲ್ಲ. ಆಸೆ ಬಿಡು, ಉಸಿರು ಗಮನಿಸು, ಎಲ್ಲ ಸರಿಹೋಗುತ್ತದೆ ಎನ್ನುತ್ತಾರೆ. ಉಸಿರು ಗಮನಿಸುವುದು ಒಳ್ಳೆಯದೇ, ಫೈನಾನ್ಸಿನವನೂ ಜೊತೆಗೆ ಕೂತು ಗಮನಿಸಿದರೆ ಇನ್ನೂ ಒಳ್ಳೆಯದು.

ತಮ್ಮ ಮೇಲೆ ನನಗೆ ಕೋಪವಿಲ್ಲ. ತಾವಾಗಿ ಯಾವ ಭರವಸೆಯನ್ನೂ ಕೊಟ್ಟವರಲ್ಲ. ಒಂದೇ ಕೋರಿಕೆ. ಬರುವ ಅಮಾವಾಸ್ಯೆಗೆ ಒಣಗಿದ ತಮ್ಮನ್ನು ಬಿಚ್ಚಿ ಹೊಸಬರನ್ನು ಕಟ್ಟಲು ಡ್ರೈವರು ಬಾಗುತ್ತಾನಲ್ಲ, ಒಂದು ತಿಂಗಳೂ ತಪ್ಪಿಸಿದವನಲ್ಲ, ಆಗ ಕಿವಿಯಲ್ಲಿ ಹೇಳಿ: ಇವತ್ತೇ ಹೋಗಿ ಬಿಪಿ ನೋಡಿಸಿಕೊಂಡು ಬಾ. ನಾವು ಹೇಳಿದರೆ ಕೇಳುವುದಿಲ್ಲ, ತಾವು ಹೇಳಿದರೆ ಕೇಳುತ್ತಾನೆ.

ಇಂತಿ ತಮ್ಮ ವಿಧೇಯ,
ಹಾಸನ ಜಿಲ್ಲೆಯವನು