ಪೈಥಾನ್ ಪೊರೆ ಬಿಟ್ಟಾಗ

ಪುಣೆಯ ಹಿಂಜವಡಿಯಲ್ಲಿ ಕೋಡ್ ಬರೆಯುವ ಹುಬ್ಬಳ್ಳಿ, ಬೆಳಗಾವಿ ಮಂದಿಗೆ ಟ್ರಾಫಿಕ್ ಒಂದೇ ತಾಪತ್ರಯವಲ್ಲ. ಅವರು ಕೋಡ್ ಬರೆಯುವ ಪೈಥಾನ್ ಭಾಷೆಯದೂ ಒಂದಿತ್ತು: 2008ರ ಡಿಸೆಂಬರಿನಲ್ಲಿ ಬಂದ ಅದರ ಹೊಸ ಆವೃತ್ತಿ 3.0, ಹಳೆಯ ಕೋಡ್ ತನ್ನಲ್ಲಿ ಹಾಗೇ ಓಡದೆಂದು ಮೊದಲೇ ಕೈ ಎತ್ತಿತ್ತು. ಪ್ರಿಂಟ್‌ಗೆ ಕಂಸ ಕಡ್ಡಾಯ. ಐದನ್ನು ಎರಡರಿಂದ ಭಾಗಿಸಿದರೆ ಮುಂಚೆ 2, ಈಗ 2.5. ಕಂಸ ಮರೆತರೆ ಯಂತ್ರ ಅಲ್ಲೇ ಗದರುತ್ತದೆ. ಈ ಅರ್ಧ ಮಾತ್ರ ಸದ್ದಿಲ್ಲದೆ ಲೆಕ್ಕದೊಳಗೆ ನುಸುಳುತ್ತದೆ. ಟೆಸ್ಟ್ ಬರೆದಿಟ್ಟ ಪುಣ್ಯಾತ್ಮರಿಗಷ್ಟೇ ಅದು ಸಿಕ್ಕಿಬೀಳುವುದು, ಉಳಿದವರಿಗೆ ಗಿರಾಕಿಯ ಫೋನ್ ಬರುತ್ತದೆ.

ಹಳೆಯ ಆವೃತ್ತಿಯನ್ನು ಕೈಬಿಡುವ ಗಡುವು 2015 ಇದ್ದದ್ದು 2020ಕ್ಕೆ ಹೋಯಿತು. ಭಾಷೆಯನ್ನು ಪುಕ್ಕಟೆ ಕೊಡುವವರು ಇಷ್ಟು ವಾಯಿದೆ ಕೊಟ್ಟದ್ದೇ ದೊಡ್ಡದು! ‘ಇನ್ನೂ ಟೈಮ್ ಐತಿ ಬಿಡ್ರೀ ಸರ’ ಎಂದು ಚಹಾ ಹೀರಿದವರು 2019ರ ಡಿಸೆಂಬರಿನಲ್ಲಿ ಒಂದು ಕೈಲಿ ವಡಾಪಾವ್ ಹಿಡಿದು, ಇನ್ನೊಂದರಲ್ಲಿ ಕಂಸ ಹಾಕುತ್ತಿದ್ದರು.