ಕ್ಲಚ್ ಕೇಬಲ್ ಮೀಮಾಂಸೆ (ಪೂರ್ವಪಕ್ಷ, ಸಿದ್ಧಾಂತ ಹಾಗೂ ಸ್ವಲ್ಪ ಹೊಗೆ ಸಹಿತ)

ಶಾಸ್ತ್ರವೊಂದನ್ನು ಆರಂಭಿಸುವಾಗ ಮೊದಲು ಪದದ ನಿರುಕ್ತಿ ಹೇಳುವುದು ಹಿರಿಯರ ರೂಢಿ. 'ಕ್ಲಚ್' ಎಂಬುದು ಪೀಡಿಸುವುದೆಂಬ ಅರ್ಥದ 'ಕ್ಲಿಶ್' ಧಾತುವಿನಿಂದ ಹುಟ್ಟಿದೆಯೆಂದು ಪ್ರಬಂಧಕಾರನ ದೃಢವಾದ ನಂಬಿಕೆ. ಭಾಷಾವಿಜ್ಞಾನಿಗಳು ಇದನ್ನು ಒಪ್ಪುವುದಿಲ್ಲ. ಅವರಲ್ಲಿ ಯಾರೂ ಗೇರ್‌ಬಾಕ್ಸ್ ಇಳಿಸಿದವರಲ್ಲ. ವ್ಯಾಕರಣದ ದೃಷ್ಟಿಯಿಂದ ಕಾಲು ಕರ್ತೃ, ಕ್ಲಚ್ಚು ಕರ್ಮ, ನಡುವಿನ ಕೇಬಲ್ಲು ಕರಣ, ಅಂದರೆ ತೃತೀಯಾ ವಿಭಕ್ತಿ. ದುಡಿಮೆಯೆಲ್ಲ ಇದರದ್ದು, ಕೀರ್ತಿ ಉಳಿದವರದ್ದು.

ಈ ಕೇಬಲ್ಲಿನ ಮಂತ್ರದ್ರಷ್ಟಾರ ಅರ್ನೆಸ್ಟ್ ಮಾನಿಂಗ್ಟನ್ ಬೌಡನ್. 1896ರಲ್ಲಿ ಇದಕ್ಕೆ ಪೇಟೆಂಟ್ ಪಡೆದವನು ಆತ. ಹೊಸೆದ ಉಕ್ಕಿನ ಎಳೆಗಳ ತಂತಿ ಒಳಗೆ, ಬಾಗುವ ಕವಚ ಹೊರಗೆ. ಕವಚದ ಎರಡು ತುದಿಯನ್ನೂ ಭದ್ರವಾಗಿ ಹಿಡಿದಿಟ್ಟರೆ ಮಾತ್ರ ಒಳಗಿನ ಎಳೆತ ಆಚೆ ತುದಿಗೆ ಮುಟ್ಟುತ್ತದೆ. ಸಾಂಖ್ಯರ ಭಾಷೆಯಲ್ಲಿ ಒಳತಂತಿ ಪ್ರಕೃತಿ, ಸದಾ ಚಲಿಸುತ್ತದೆ. ಕವಚ ಪುರುಷ, ಸುಮ್ಮನೆ ಕೂತಿರುತ್ತದೆ. 'ಮನೆಯಲ್ಲೂ ಅಷ್ಟೇ' ಎಂದು ಹಸ್ತಪ್ರತಿಯ ಅಂಚಿನಲ್ಲಿ ಬರೆದಿರುವುದು ನನ್ನ ಹೆಂಡತಿಯ ಅಕ್ಷರ. ವಿದ್ವಾಂಸರು ಅದನ್ನು ಪ್ರಕ್ಷಿಪ್ತವೆಂದು ತಿಳಿಯತಕ್ಕದ್ದು.

ಪ್ರಸ್ತುತ ಸಂಶೋಧನೆಯ ಆಕರ ಒಂದು ಮಾರುತಿ 800. 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿಯವರು ಮೊದಲ ಗ್ರಾಹಕರ ಕೈಗೆ ಕೀಲಿ ಕೊಟ್ಟ ವಂಶದ್ದು, 2014ರ ಜನವರಿಯಲ್ಲಿ ತಯಾರಿಕೆ ನಿಂತ ವಂಶದ್ದು. ಮೂಲಪಾಠದಲ್ಲಿ ಇದಕ್ಕೆ 796 ಸಿಸಿಯ ಮೂರು ಸಿಲಿಂಡರ್ ಇಂಜಿನ್. ಅದನ್ನು ತೆಗೆದು, ಎಸ್ಟೀಮ್ ಕಾರಿನ 1298 ಸಿಸಿಯ ನಾಲ್ಕು ಸಿಲಿಂಡರನ್ನು ಗೇರ್‌ಬಾಕ್ಸ್ ಸಮೇತ ಕೂರಿಸಿದ್ದು ಪ್ರಬಂಧಕಾರನ ಯೌವನದ ಪಾಠಾಂತರ. ಇಂಥ ಪಾಠಾಂತರಗಳಿಗೆ ಮೋಟಾರು ವಾಹನ ಕಾಯಿದೆಯ 52ನೇ ಸೆಕ್ಷನ್ನು ಅಡ್ಡ ನಿಂತಿದೆ. ತಯಾರಕರ ಮೂಲ ವಿವರಕ್ಕೆ ಹೊರತಾಗಿ ಗಾಡಿಯನ್ನು ಮಾರ್ಪಡಿಸುವಂತಿಲ್ಲವೆಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಖಚಿತವಾಗಿ ಹೇಳಿದೆ. ಆದ್ದರಿಂದ ಕೆಳಗಿನದೆಲ್ಲ ಅದಕ್ಕಿಂತ ಬಹಳ ಹಿಂದಿನದು. ಈ ವಿಷಯದಲ್ಲಿ ಹೆಚ್ಚಿನ ಚರ್ಚೆ ಬೇಡ.

ಲಕ್ಷಣಗಳಿಗೆ ಬರೋಣ. ಮೊದಲ ಕೇಬಲ್ಲು ಮೂರು ವಾರ ಬಾಳಿತು. ಪೆಡಲ್ಲು ದಿನೇ ದಿನೇ ಬಿರುಸಾಗಿ, ಕೊನೆಗೊಂದು ಬೆಳಿಗ್ಗೆ 'ಟಪ್' ಎಂದು ನೆಲಕ್ಕೆ ಒರಗಿತು. ಎರಡನೆಯದು ಹದಿನೆಂಟು ದಿನ. ಗ್ಯಾರೇಜಿನ ಯಜಮಾನರು (ಹೆಸರು ಬೇಡ, ಈಗಲೂ ಎದುರಿಗೆ ಸಿಗುತ್ತಾರೆ) ಶಬ್ದಪ್ರಮಾಣವನ್ನು ಮುಂದಿಟ್ಟರು: "ಈಗಿನ ಮಾಲೆಲ್ಲ ಡೂಪ್ಲಿಕೇಟ್ ಸಾರ್. ಒರಿಜಿನಲ್ ಹಾಕ್ಸಿ." ಇದು ಒಂದನೇ ಪೂರ್ವಪಕ್ಷ. ಬೆಂಗಳೂರಿಗೆ ಹೋಗಿ ಜೆ.ಸಿ. ರಸ್ತೆಯಿಂದ ಒರಿಜಿನಲ್ ತಂದೆ. ಅದೂ ಬಿರುಸಾಗತೊಡಗಿತು.

ಎರಡನೇ ಪೂರ್ವಪಕ್ಷ ಫ್ರೀ ಪ್ಲೇ ವಾದಿಗಳದ್ದು. ಪೆಡಲ್ಲನ್ನು ಬೆರಳಲ್ಲಿ ಒತ್ತಿದಾಗ ಬಿಗಿ ಹತ್ತುವ ಮುಂಚೆ ಸಿಗುವ ಸಡಿಲವೇ ಫ್ರೀ ಪ್ಲೇ. ಇದು ಕನ್ನಡದ ಪಂಚಮೀ ವಿಭಕ್ತಿಯ ಹಾಗೆ. ಇದೆ ಎನ್ನುವವರಿದ್ದಾರೆ, ಇಲ್ಲ ಎನ್ನುವವರಿದ್ದಾರೆ, ವ್ಯವಹಾರ ಮಾತ್ರ ನಡೆದುಕೊಂಡು ಹೋಗುತ್ತದೆ. ಆದರೂ ತತ್ತ್ವ ಸರಿಯಾದದ್ದೇ. ಸಡಿಲ ಹೆಚ್ಚಾದರೆ ಕ್ಲಚ್ಚು ಪೂರ್ತಿ ಬಿಡದೆ ಗೇರು ಕರಕರ ಎನ್ನುತ್ತದೆ. ಸಡಿಲವೇ ಇಲ್ಲದಿದ್ದರೆ ರಿಲೀಸ್ ಬೇರಿಂಗು ಹಗಲಿರುಳು ತಿರುಗಿ ಸವೆಯುತ್ತದೆ, ಏರಿನಲ್ಲಿ ಇಂಜಿನ್ ಅರಚಿಕೊಂಡರೂ ಗಾಡಿ ಏಳುವುದಿಲ್ಲ. ಕ್ಲಚ್ ಪ್ಲೇಟ್ ಸವೆದಂತೆಲ್ಲ ಈ ಸಡಿಲ ತಾನಾಗಿ ಕಡಿಮೆಯಾಗುವುದರಿಂದ ಆಗಾಗ ನಟ್ಟು ತಿರುಗಿಸಿಕೊಳ್ಳಬೇಕು. ನಾನು ದಿನಾ ತಿರುಗಿಸಿದೆ. ನಟ್ಟಿನ ಮೂಲೆಗಳು ಸವೆದು ದುಂಡಗಾದವು.

ಮೂರನೆಯವರು ವಕ್ರತಾವಾದಿಗಳು: ಹೊಸ ಗೇರ್‌ಬಾಕ್ಸಿನ ಫೋರ್ಕು ಬೇರೆ ಕಡೆ ಕೂತಿದೆ, ಕೇಬಲ್ಲು ಸೈಲೆನ್ಸರ್ ಪೈಪಿಗೆ ತಾಗಿಕೊಂಡು ಗಕ್ಕನೆ ತಿರುಗುತ್ತದೆ, ಕಾವಿಗೆ ಒಳಗಿನ ನೈಲಾನ್ ಪದರ ಕರಗಿ ತಂತಿ ಉಜ್ಜುತ್ತದೆ ಎಂದು. ಈ ವಾದಕ್ಕೆ ನಾನು ಪೂರ್ತಿ ಸೋತೆ. ಬಿಚ್ಚಿದ ಕೇಬಲ್ಲಿನಲ್ಲಿ ನೈಲಾನು ಕರಗಿದ್ದು ಪ್ರತ್ಯಕ್ಷವಾಗಿತ್ತು. ತಿರುವನ್ನು ಅಗಲ ಮಾಡಿ, ಪೈಪಿನಿಂದ ಒಂದು ಗೇಣು ದೂರ ಕ್ಲಿಪ್ ಹಾಕಿಸಿದೆ. ಪೈಪಿನ ಹತ್ತಿರ ಸುಳಿಯದ ಪೆಡಲ್ ಕಡೆಯ ತುದಿಯಲ್ಲೂ ನೈಲಾನು ಕರಗಿತ್ತೆಂಬುದನ್ನು ಆಗ ಯಾರೂ ಗಮನಿಸಲಿಲ್ಲ. ಆಕ್ಸಿಲರೇಟರ್ ಕೂಡ ಬಿಗಿಯಾಗುತ್ತಿದೆಯೆಂದು ನಾನು ಹೇಳಿದಾಗ ಯಜಮಾನರು ನನ್ನ ಬೂಟು ಬದಲಿಸಲು ಹೇಳಿದರು.

ಸಿದ್ಧಾಂತ ಸಿಕ್ಕಿದ್ದು ಒಂದು ಭಾನುವಾರ, ಚಾಮುಂಡಿ ಬೆಟ್ಟದ ರಸ್ತೆಯಲ್ಲಿ. ಮುಂದಿನ ಬಸ್ಸು ನಿಂತಿತು, ನನ್ನ ಇಂಜಿನ್ ಆಫ್ ಆಯಿತು. ಗ್ಯಾರೇಜಿನವರು ಸ್ಟಾರ್ಟರ್ ಮೋಟಾರನ್ನು 'ಸೆಲ್ಫ್' ಎನ್ನುತ್ತಾರೆ. ವೇದಾಂತಿಗಳು ಹುಡುಕುತ್ತಿರುವುದೂ ಅದನ್ನೇ. ಮತ್ತೆ ಮತ್ತೆ ಸೆಲ್ಫ್ ಹೊಡೆದೆ. ಅದು ನಿದ್ದೆಗಣ್ಣಲ್ಲಿ 'ಗುರ್ರ್… ಗುರ್ರ್' ಎಂದಿತು, ಪೆಡಲ್ಲಿನ ಮೇಲಿಂದ ತೆಳ್ಳನೆಯ ಹೊಗೆ ಎದ್ದಿತು. ಬೆಟ್ಟ, ಅದರ ಮೇಲೆ ಹೊಗೆ! ನೈಯಾಯಿಕರು ತಲತಲಾಂತರದಿಂದ ಪಾಠ ಹೇಳುತ್ತಿರುವ ದೃಷ್ಟಾಂತ ನನ್ನ ಕಾಲ ಬಳಿಯೇ ಸಿದ್ಧವಾಗಿತ್ತು. ಹಿಂದೆ ಕೂತಿದ್ದ ಅತ್ತೆಯವರು ಮಾತ್ರ ಬೇರೆ ಅನುಮಾನಕ್ಕೆ ಬಂದರು: "ಏನು ಅಳಿಯಂದ್ರೇ, ಕಾರೊಳಗೇ ಸಾಂಬ್ರಾಣಿ ಹಾಕಿದ್ದೀರಾ?"

ಹಿಂದಿನಿಂದ ಬಂದ ವಯಸ್ಸಾದ ಟ್ಯಾಕ್ಸಿ ಡ್ರೈವರೊಬ್ಬರು ಬಾನೆಟ್ ಎತ್ತಿಸಿ ಕೇಬಲ್ಲನ್ನು ಮುಟ್ಟಿ, ಬೆರಳನ್ನು ಬಾಯಿಗಿಟ್ಟುಕೊಂಡರು. "ಅರ್ತಿಂಗ್ ಎಲ್ಲಿ ಸಾರ್?" ಎಂದರು. ತಮ್ಮ ಡಿಕ್ಕಿಯಿಂದ ಜಂಪರ್ ವೈರ್ ತಂದು ಒಂದು ತುದಿಯನ್ನು ಬ್ಯಾಟರಿಯ ಮೈನಸ್ಸಿಗೂ ಇನ್ನೊಂದನ್ನು ಇಂಜಿನ್ ಮೈಗೂ ಕಚ್ಚಿಸಿದರು. ಸೆಲ್ಫ್ ಚಂಗನೆ ತಿರುಗಿತು.

ಇದರ ಭಾಷ್ಯ ಹೀಗೆ: ಇಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ, ರಬ್ಬರಿನಲ್ಲಿ ಕರೆಂಟು ಹರಿಯದು. ಸೆಲ್ಫ್ ಹೊಡೆದಾಗ ನೂರಕ್ಕೂ ಹೆಚ್ಚು ಆಂಪಿಯರ್ ಇಂಜಿನ್ನಿಗೆ ಬರುತ್ತದೆ, ಅದು ಬಾಡಿಯ ಮೂಲಕ ಬ್ಯಾಟರಿಗೆ ಮರಳಲು ದಪ್ಪನೆಯ ಹೆಣೆದ ಪಟ್ಟಿಯೊಂದು ಬೇಕು. ಆ ಪಟ್ಟಿ ಇಲ್ಲದಿದ್ದರೆ ಇಂಜಿನ್ನನ್ನೂ ಬಾಡಿಯನ್ನೂ ಜೋಡಿಸುವ ಲೋಹವೆಂದರೆ ಕ್ಲಚ್ಚು ಮತ್ತು ಆಕ್ಸಿಲರೇಟರ್ ಕೇಬಲ್ಲುಗಳೇ. ಹೊರೆಯೆಲ್ಲ ಅವುಗಳ ಮೇಲೆ. ತಂತಿ ಕಾಯುತ್ತದೆ, ನೈಲಾನು ಕರಗುತ್ತದೆ, ಪೆಡಲ್ಲು ಬಿರುಸಾಗುತ್ತದೆ, ಎಳೆಗಳು ಒಂದೊಂದಾಗಿ ಹರಿಯುತ್ತವೆ. ಅನುಮಾನವುಳ್ಳವರು ಸೆಲ್ಫ್ ಹೊಡೆಯುತ್ತಿರುವಾಗ ಬ್ಯಾಟರಿ ಮೈನಸ್ಸಿಗೂ ಇಂಜಿನ್ ಮೈಗೂ ಮಲ್ಟಿಮೀಟರ್ ಹಿಡಿಯಲಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿದರೆ ಕೇಬಲ್ ಅಂಗಡಿಗೆ ಓಡಬೇಕಾಗಿಲ್ಲ.

ವಾಪಸು ಬರುವಾಗ, ನಂದಿಯ ತಿರುವು ದಾಟುತ್ತಲೇ, ಕೇಬಲ್ಲು ಹರಿದೇ ಹೋಯಿತು. ಗಾಡಿ ನಿಂತಾಗಲೆಲ್ಲ ಒಂದನೇ ಗೇರು ಹಾಕಿ ಸೆಲ್ಫ್ ಹೊಡೆದು, ಕುಪ್ಪಳಿಸುತ್ತ ಮನೆ ಸೇರಿದೆವು. ಅತ್ತೆಯವರು ಆಮೇಲೆ ಆ ಕಾರು ಹತ್ತಲಿಲ್ಲ.

ಪಟ್ಟಿ ಡಿಕ್ಕಿಯಲ್ಲೇ ಇತ್ತು. ಇಂಜಿನ್ ಇಳಿಸಿದ ದಿನದ ಪೇಪರಿನಲ್ಲಿ, ತನ್ನೆರಡು ಬೋಲ್ಟುಗಳ ಜೊತೆ ಜೋಪಾನವಾಗಿ ಸುತ್ತಿಟ್ಟಿದ್ದರು. ಯಜಮಾನರಿಗೆ ತೋರಿಸಿದೆ. "ಅದು ಎಕ್ಸ್‌ಟ್ರಾ ಉಳ್ದಿದ್ದು ಸಾರ್" ಎಂದರು.

ಇನ್ನು ಅನುಬಂಧ. ಹರಿದ ಮೂರೂ ಕೇಬಲ್ಲುಗಳನ್ನು ಕಾಂಪೌಂಡಿನ ಮೂಲೆಗೆ ಎಸೆದಿದ್ದೆ. ಸಂಜೆಗತ್ತಲಲ್ಲಿ ಪಕ್ಕದ ಮನೆಯವರು ಎರಡು ಬಾರಿ ಹಾವೆಂದು ಕೋಲು ತಂದರು. ಹಗ್ಗವನ್ನು ಹಾವೆಂದು ಭ್ರಮಿಸುವ ರಜ್ಜುಸರ್ಪ ನ್ಯಾಯವನ್ನು ಎರಡು ಬಾರಿಯೂ ಗೇಟಿನ ಬಳಿಯೇ ನಿಂತು ಅವರಿಗೆ ವಿವರಿಸಿದೆ. ಮೂರನೇ ಬಾರಿ ಅವರು ಕೂಗಲಿಲ್ಲ. ಕೇಬಲ್ಲನ್ನು ಎತ್ತಿ ಗುಜರಿಗೆ ಹಾಕೋಣವೆಂದು ನಾನೇ ಬಗ್ಗಿ ಕೈ ಹಾಕಿದೆ. ತಣ್ಣಗಿತ್ತು, ಕೈಯಿಂದ ಜಾರಿ ಕಾಕಡಾ ಗಿಡದ ಬುಡಕ್ಕೆ ಹೋಯಿತು. ಕೇರೆಹಾವು. ಈ ನ್ಯಾಯಕ್ಕೆ ಶಾಸ್ತ್ರದಲ್ಲಿ ಹೆಸರಿದ್ದರೆ ಬಲ್ಲವರು ತಿಳಿಸಬೇಕು.